ಕರಪತ್ರದ ಕೊನೆಯ ಸಾಲು ಮೊಬೈಲಿಗೂ ಬರಲಿ

ಚುನಾವಣಾ ಕರಪತ್ರ ಕೈಗೆ ಬಂದರೆ ನಾನು ಮೊದಲು ಓದುವುದು ಅದರ ಕೊನೆಯ ಸಾಲನ್ನು. ಮುದ್ರಕರು ಯಾರು, ಪ್ರಕಾಶಕರು ಯಾರು, ವಿಳಾಸ ಯಾವುದು ಎಂಬುದು ಅಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. 1951ರ ಜನಪ್ರಾತಿನಿಧ್ಯ ಕಾಯ್ದೆಯ 127ಎ ಸೆಕ್ಷನ್ ಪ್ರಕಾರ ಈ ಸಾಲು ಕಡ್ಡಾಯ. ತಪ್ಪಿದರೆ 6 ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಪ್ರಕಾಶಕ ತನ್ನ ಗುರುತಿನ ಘೋಷಣೆಗೆ ಸಹಿ ಹಾಕಿ, ತನ್ನನ್ನು ಬಲ್ಲ ಇಬ್ಬರಿಂದ ದೃಢೀಕರಿಸಿ ಕೊಡದೆ ಪ್ರೆಸ್‌ನವರು ಅಚ್ಚು ಹಾಕುವಂತೆಯೇ ಇಲ್ಲ.

‘ವಾಟ್ಸ್ಆ್ಯಪ್ ಪೋಸ್ಟರ್‌ಗೂ ಇದು ಬೇಕಾ ಸಾರ್?’ ವಕೀಲನಾದ ನನ್ನನ್ನು ಕಕ್ಷಿದಾರರು ಪ್ರತಿ ಚುನಾವಣೆಯಲ್ಲೂ ಕೇಳುತ್ತಾರೆ. ಕೈಬರಹ ಬಿಟ್ಟು ಪ್ರತಿಗಳನ್ನು ಹೆಚ್ಚಿಸುವ ಯಾವ ವಿಧಾನವಾದರೂ ಮುದ್ರಣವೇ ಎನ್ನುತ್ತದೆ ಅದೇ ಸೆಕ್ಷನ್. ಒಂದು ಚಿತ್ರ ಸಾವಿರ ಗುಂಪುಗಳಿಗೆ ಹೋಗುವುದು ಇದರೊಳಗೆ ಬರುತ್ತದೆಯೇ ಎಂದು ವಾದ ಮಾಡಬಹುದು. ನಾನು ಆ ವಾದಕ್ಕೆ ಕಾಯದೆ, ಹೆಸರು ಹಾಕಿ ಎಂದೇ ಹೇಳುತ್ತೇನೆ.

ಒಮ್ಮೆ ಪ್ರಚಾರ ಕಚೇರಿಯ ಹುಡುಗನೊಬ್ಬ ಮೊಬೈಲ್ ತೋರಿಸಿದ. ನಿಯಮದಂತೆ ಅಚ್ಚಾದ ಕರಪತ್ರವನ್ನೇ ಸ್ಟೇಟಸ್‌ಗೆಂದು ಚೌಕಾಕಾರ ಮಾಡಿದ್ದರು. ಎದುರಾಳಿಯ ಮೇಲಿನ ಆರೋಪ ದಪ್ಪಕ್ಷರದಲ್ಲಿ ಹಾಗೇ ಇತ್ತು. ಕೆಳಗಿನ ಸಾಲು ಮಾತ್ರ ಕತ್ತರಿಸಿಹೋಗಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಆದರೆ ಮತದಾರನ ಕೈಗೆ ಸಿಕ್ಕಿದ್ದು ಹೇಳಿದವರ ಹೆಸರಿಲ್ಲದ ಆರೋಪ.

ಹಣ ಕೊಟ್ಟು ಹಾಕಿಸುವ ಜಾಲತಾಣ ಜಾಹೀರಾತಿಗೆ ಪಕ್ಷ, ಅಭ್ಯರ್ಥಿಗಳು ಚುನಾವಣಾ ಆಯೋಗದ ಮಾಧ್ಯಮ ಪ್ರಮಾಣೀಕರಣ ಮತ್ತು ಮೇಲ್ವಿಚಾರಣಾ ಸಮಿತಿಯ (ಎಂಸಿಎಂಸಿ) ಪೂರ್ವಾನುಮತಿ ಪಡೆಯಬೇಕು, ಅದರ ಖರ್ಚನ್ನೂ ಲೆಕ್ಕದಲ್ಲಿ ತೋರಿಸಬೇಕು. ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಿತ್ರಕ್ಕೆ ಕನಿಷ್ಠ ಶೇ 10ರಷ್ಟು ಜಾಗದಲ್ಲಿ ಲೇಬಲ್ ಇರಬೇಕು ಎಂದು ಚುನಾವಣಾ ಆಯೋಗ 2025ರ ಅಕ್ಟೋಬರ್‌ನಲ್ಲಿ ಪಕ್ಷಗಳಿಗೆ ಸೂಚಿಸಿತು. ಒಳ್ಳೆಯದೇ. ಆದರೆ ತಯಾರಿಸಿದವರ ಹೆಸರನ್ನು ಮೆಟಾಡೇಟಾದಲ್ಲೋ (ಕಡತದೊಳಗೆ ಕಾಣದಂತೆ ಇರುವ ಮಾಹಿತಿ) ಜೊತೆಗಿನ ಒಕ್ಕಣೆಯಲ್ಲೋ ಹಾಕಿದರೆ ಸಾಕು ಎಂದಿದೆ. ಚಿತ್ರದಷ್ಟೇ ಸ್ಕ್ರೀನ್‌ಶಾಟ್ ತೆಗೆದ ಕ್ಷಣ ಅವೆರಡೂ ಉಳಿಯುವುದಿಲ್ಲ. ನನಗೆ ನೋವಾಗುವುದು ಇಲ್ಲೇ.

ಬ್ರಿಟನ್‌ನಲ್ಲಿ 2023ರ ನವೆಂಬರ್‌ನಿಂದ ಪ್ರಚಾರ ಮಾಡಿಸಿದವರ ಹೆಸರು, ವಿಳಾಸ ಡಿಜಿಟಲ್ ಸಾಮಗ್ರಿಯೊಳಗೇ ಇರಬೇಕು. ಹಣ ಕೊಡದೆ ಪಕ್ಷ, ಅಭ್ಯರ್ಥಿಗಳು ಹಾಕುವ ಪ್ರಚಾರ ಪೋಸ್ಟ್‌ಗಳಿಗೂ ಇದು ಅನ್ವಯ. ಒಳಗೆ ಹಿಡಿಸದಿದ್ದರೆ ಮಾತ್ರ ನೇರವಾಗಿ ತೆರೆಯುವ ಕೊಂಡಿ ಕೊಡಬಹುದು.

ನಮ್ಮಲ್ಲಿ ಅಂಥ ಸ್ಪಷ್ಟ ನಿಯಮ ಬರುವವರೆಗೆ ಪೋಸ್ಟರ್ ಮಾಡುವ ಹುಡುಗರಿಗೆ ನಾನು ಹೇಳುವುದಿಷ್ಟು: ಹೆಸರನ್ನು ಅಂಚಿನಲ್ಲಿ ಹಾಕಬೇಡಿ, ಅಭ್ಯರ್ಥಿಯ ಹೆಗಲ ಮೇಲೆ ಹಾಕಿ. ಅದನ್ನು ಕತ್ತರಿಸಲು ಹೋದರೆ ಮುಖವೂ ಕತ್ತರಿಸಬೇಕು.