ಬೆಂಚಿನ ಮೇಲೆ ಕೂತವರು ಪಾಲಿಸಿಯೊಳಗಿಲ್ಲ

“ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾಡಿಸಿದೀನಲ್ಲ ಸರ್, ಇನ್ನೇನು?” ಮಿಲಿಟರಿ ಹರಾಜಿನಲ್ಲಿ ಶಕ್ತಿಮಾನೋ ನಿಸಾನ್ ಒನ್ ಟನ್ನೋ, ಸೈನ್ಯ ಬಳಸಿ ಬಿಟ್ಟ ಹಳೇ ಲಾರಿಯೊಂದನ್ನು ಕೊಂಡು ಊರಿಗೆ ತಂದವರ ಮೊದಲ ಮಾತು ಇದು. ಗಾಡಿಯ ಮೇಲೆ ಅವರಿಗಿರುವ ಅಕ್ಕರೆ ನಿಜವಾದದ್ದು. ಬ್ರೇಕ್ ಸಿಲಿಂಡರ್ ಹುಡುಕಿಕೊಂಡು ಊರೂರು ಅಲೆಯುತ್ತಾರೆ. ಆದರೆ ಪಾಲಿಸಿಯ ಎರಡನೇ ಪುಟ ತಿರುಗಿಸಿ ನೋಡಿರುವುದಿಲ್ಲ.

ಥರ್ಡ್ ಪಾರ್ಟಿ ಅಂದರೆ ಯಾರು? ದಾರಿಯಲ್ಲಿ ನಡೆದು ಹೋಗುವವರು, ಎದುರಿಂದ ಬರುವ ಬೈಕಿನವರು, ನಿಮ್ಮ ಲಾರಿ ಗುದ್ದಿದ ಕಾಂಪೌಂಡಿನ ಯಜಮಾನರು. ಇವರಿಗೆ ಪಾಲಿಸಿ ನಿಲ್ಲುತ್ತದೆ. ನಿಮ್ಮದೇ ಲಾರಿಯ ಹಿಂದೆ ಹತ್ತಿ ಕೂತ ಭಾವಮೈದ, ಅವನ ಸ್ನೇಹಿತರು, ಮದುವೆ ದಿಬ್ಬಣದ ಹುಡುಗರು ಇವರೊಳಗೆ ಸೇರುವುದಿಲ್ಲ. ಎಷ್ಟು ಸಲ ಹೇಳಿದರೂ ಈ ಮಾತು ತಲೆಗೆ ಇಳಿಯುವುದಿಲ್ಲ. ಕಾರಣವೂ ಅರ್ಥವಾಗುತ್ತದೆ: ಸೈನ್ಯದ ಲಾರಿಯ ಹಿಂದೆ ಎರಡೂ ಬದಿಗೆ ಮಡಚುವ ಬೆಂಚು ಇರುತ್ತದೆ. ಸೈನಿಕರು ಅದರ ಮೇಲೆ ಕೂತೇ ಓಡಾಡಿದ್ದಾರೆ. ಬೆಂಚು ಇದೆ ಎಂದ ಮೇಲೆ ಅದು ಸೀಟು ಎಂದೇ ಹೊಸ ಮಾಲೀಕರ ಲೆಕ್ಕ. ಆದರೆ ಸರಕು ಸಾಗಣೆ ವಾಹನ ಎಂದು ನೋಂದಣಿಯಾದ ಲಾರಿಯ ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಆಸನ ಸಂಖ್ಯೆ ಸಾಮಾನ್ಯವಾಗಿ ಕ್ಯಾಬಿನ್ನಿನದು ಮಾತ್ರ. ಚಾಲಕ ಸೇರಿ 3 ಎಂದಿದ್ದರೆ ಮೂರೇ. ಹಿಂದಿನ ಬೆಂಚು ಕಾನೂನಿನ ಕಣ್ಣಿಗೆ ಮರದ ಹಲಗೆ.

ಸರಕು ವಾಹನದಲ್ಲಿ ಪುಕ್ಕಟೆ ಪ್ರಯಾಣ ಮಾಡಿದವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರ ಡಿಸೆಂಬರ್‌ನಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಹೇಳಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಯ 147ನೇ ಸೆಕ್ಷನ್ನಿಗೇ ಈ ಮಾತು ಸೇರಿತು: ಸರಕು ವಾಹನದ ಪುಕ್ಕಟೆ ಪ್ರಯಾಣಿಕರನ್ನು ಬಿಟ್ಟು. ಲಾರಿಯಲ್ಲಿರುವ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಗೆ ರಕ್ಷಣೆ ಇದೆ, ಅದು 1994ರಿಂದಲೂ ಇದೆ. ತೋಟದ ಆಳುಗಳನ್ನು ಹತ್ತಿಸಿಕೊಂಡು ಹೋಗುವ ಸಕಲೇಶಪುರ, ಮಡಿಕೇರಿ ಕಡೆಯ ಎಸ್ಟೇಟಿನವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಲಾರಿಯ ಲೋಡಿಂಗ್ ಕೆಲಸಕ್ಕೇ ಇರುವ ಆಳು ಬೇರೆ, ಕಾಫಿ ಕುಯ್ಲಿಗೆ ಹೊರಟ ಆಳು ಬೇರೆ. ಎರಡನೆಯವರ ವಿಷಯದಲ್ಲಿ ತೀರ್ಪು ಆಯಾ ಪ್ರಕರಣದ ಸಾಕ್ಷ್ಯದ ಮೇಲೆ ಹೋಗುತ್ತದೆ. ಆ ಭರವಸೆಯ ಮೇಲೆ ಇಪ್ಪತ್ತು ಜನರನ್ನು ಹತ್ತಿಸಬೇಡಿ. ಪರಿಹಾರದ ಆದೇಶ ನಿಮ್ಮ ಮೇಲೆ ಬಂದರೆ ಕಟ್ಟಬೇಕಾದದ್ದು ತೋಟ ಮಾರಿಯೇ.

ಬಾಡಿಗೆ ಕೊಡದ, ನಿಮ್ಮ ನೌಕರರೂ ಅಲ್ಲದ ಪ್ರಯಾಣಿಕರಿಗೆಂದು ಐಎಂಟಿ (ಇಂಡಿಯನ್ ಮೋಟಾರ್ ಟ್ಯಾರಿಫ್) 37-ಎ ಎಂಬ ಹೆಚ್ಚುವರಿ ಷರತ್ತು ಇದೆ, ತಲಾ ಇಷ್ಟು ಎಂದು ಕಟ್ಟಿಸಿಕೊಳ್ಳುತ್ತಾರೆ. ಕೇಳಿ ನೋಡಿ. ಆದರೆ ಆರ್‌ಸಿಯ ಆಸನ ಸಂಖ್ಯೆ ಮೀರಿದವರಿಗೆ ಅದು ನೆರವಾಗುತ್ತದೆ ಎಂದು ಯಾರಾದರೂ ಬಾಯಿಮಾತಲ್ಲಿ ಹೇಳಿದರೆ ಬರೆದುಕೊಡಿ ಎನ್ನಿ.

ಇದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ತಪ್ಪು, ವರ್ಗ ಬದಲಿಸುವುದು. 2022ರ ಜೂನ್ 1ರಿಂದ ಜಾರಿಗೆ ಬಂದ ಥರ್ಡ್ ಪಾರ್ಟಿ ದರಪಟ್ಟಿಯಲ್ಲಿ 1500 ಸಿಸಿ ಮೀರಿದ ಖಾಸಗಿ ಕಾರಿಗೆ ವರ್ಷಕ್ಕೆ ₹7,897. ಗಾಡಿ, ಹೊರೆ ಸೇರಿ ಒಟ್ಟು ತೂಕ 7,500 ಕೆ.ಜಿ. ಒಳಗಿನ, ಬಾಡಿಗೆಗೆ ಓಡುವ ಸರಕು ವಾಹನಕ್ಕೆ ₹16,049, ಅದು ಮೀರಿ 12,000 ಕೆ.ಜಿ. ತನಕ ₹27,186, ತೆರಿಗೆ ಬೇರೆ. ಬಾಡಿಗೆಗೆ ಓಡಿಸೋದಿಲ್ಲವಲ್ಲ, ಖಾಸಗಿ ಕಾರು ಅಂತಲೇ ಹಾಕಿ ಎಂದು ಏಜೆಂಟರನ್ನು ಒತ್ತಾಯಿಸುತ್ತಾರೆ. ಸರಕು ಹೊರಲೆಂದೇ ಕಟ್ಟಿದ ಗಾಡಿ ಬಾಡಿಗೆಗೆ ಹೋಗದಿದ್ದರೂ ಸರಕು ವಾಹನವೇ. ಆರ್‌ಸಿ ಒಂದು ಹೇಳಿ ಪಾಲಿಸಿ ಇನ್ನೊಂದು ಹೇಳಿದರೆ ಕ್ಲೇಮಿನ ದಿನ ನಷ್ಟ ಅಳೆಯಲು ಬರುವ ಸರ್ವೇಯರ್ ಮೊದಲು ಹಿಡಿಯುವುದು ಅದನ್ನೇ. ಜೋಂಗಾ, ಜಿಪ್ಸಿಯಂಥ ಸೈನ್ಯದ ಜೀಪಿನವರಿಗೆ ಈ ತೊಡಕು ಕಮ್ಮಿ. ಅವು ಸಾಮಾನ್ಯವಾಗಿ ಕಾರಿನ ವರ್ಗದಲ್ಲೇ ನೋಂದಣಿಯಾಗುತ್ತವೆ.

ಚಾಲನಾ ಪರವಾನಗಿಗೂ 7,500 ಕೆ.ಜಿ.ಯೇ ಗಡಿ. ಅದರೊಳಗಿನ ಸರಕು ವಾಹನವನ್ನು ಸಾಮಾನ್ಯ ಎಲ್‌ಎಂವಿ (ಲಘು ವಾಹನ) ಪರವಾನಗಿಯಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಎತ್ತಿಹಿಡಿದಿದೆ. ನೋಡಬೇಕಾದದ್ದು ಖಾಲಿ ತೂಕವನ್ನಲ್ಲ, ಆರ್‌ಸಿಯಲ್ಲಿರುವ ಒಟ್ಟು ತೂಕವನ್ನು.

ಇನ್ನು ಪಾಲಿಸಿ ಸಿಗುವುದೇ ಕಷ್ಟ ಎಂಬ ದೂರು. ಕಷ್ಟ ಎಲ್ಲಿದೆ ನೋಡಿ. ಕೇಂದ್ರ ಸರ್ಕಾರದ ರಕ್ಷಣಾ ವಾಹನಗಳಿಗೆ 146ನೇ ಸೆಕ್ಷನ್ನಿನಲ್ಲೇ ವಿನಾಯಿತಿ ಇರುವುದರಿಂದ ಆ ಲಾರಿಗೆ ಹಿಂದೆ ವಿಮೆಯೇ ಇರಲಿಲ್ಲ. ಆನ್‌ಲೈನ್ ಪೋರ್ಟಲ್ಲು ಹಳೇ ಪಾಲಿಸಿ ನಂಬರ್ ಕೇಳುತ್ತದೆ, ಮಾದರಿಯ ಪಟ್ಟಿಯಲ್ಲಿ ಶಕ್ತಿಮಾನ್ ಹುಡುಕಿದರೂ ಸಿಗುವುದಿಲ್ಲ. ಹೋಗಲಿ ಎಂದು ಹತ್ತಿರದ ಯಾವುದೋ ಟಾಟಾ ಮಾದರಿ ಆರಿಸಿ, ಹಿಂದೆ ಕ್ಲೇಮ್ ಮಾಡದವರಿಗೆ ಸಿಗುವ ನೋ ಕ್ಲೇಮ್ ಬೋನಸ್ ರಿಯಾಯಿತಿಯನ್ನೂ ಟಿಕ್ ಮಾಡಿ ದುಡ್ಡು ಕಟ್ಟುತ್ತಾರೆ. ಅದು ಸುಳ್ಳು ಹೇಳಿಕೆ. ಪೋರ್ಟಲ್ ಬಿಟ್ಟು ಶಾಖೆಗೆ ಹೋಗಿ. ನಾಲ್ಕು ಸರ್ಕಾರಿ ವಿಮಾ ಕಂಪನಿಗಳ ವಿಭಾಗೀಯ ಕಚೇರಿಯಿಂದಲೇ ಶುರು ಮಾಡುವುದು ಒಳ್ಳೆಯದು. ಅಲ್ಲಿ ಪ್ರಸ್ತಾವನೆಯನ್ನು ಕೈಯಿಂದ ತುಂಬಿಸಿಕೊಂಡು ಮೇಲಿನವರ ಒಪ್ಪಿಗೆ ಪಡೆಯುವ ದಾರಿ ಇದೆ. ಇಲ್ಲ ಎಂದರೆ ಕಾರಣವನ್ನು ಲಿಖಿತವಾಗಿ ಕೇಳಿ, ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ಹಾಕಿ.

ಆರ್‌ಟಿಒ ನೋಂದಣಿಗೆ ವಿಮೆ ಕೇಳುತ್ತದೆ, ವಿಮೆಯವರು ನೋಂದಣಿ ಸಂಖ್ಯೆ ಕೇಳುತ್ತಾರೆ. ಈ ಗಂಟು ಬಿಚ್ಚುವುದು ಎಂಜಿನ್ ಮತ್ತು ಚಾಸಿ ನಂಬರಿನ ಮೇಲೆ ಪಾಲಿಸಿ ಬರೆಸಿಕೊಳ್ಳುವುದರಿಂದ. ಬೇಕಾದ ಮೂಲ ಕಾಗದ ಫಾರಂ 21, ಸೈನ್ಯದ ಗಾಡಿಗಳಿಗೆ ಸಂಬಂಧಪಟ್ಟ ಅಧಿಕಾರಿಗಳು ಕೊಡುವ ಮಾರಾಟ ಪತ್ರ. ಹರಾಜಿನ ಡೆಲಿವರಿ ಆರ್ಡರ್ ಇದಕ್ಕೆ ಬದಲಿಯಾಗುವುದಿಲ್ಲ. ಫಾರಂ 21 ಕೈಗೆ ಬರದೆ ಡಿಪೋದಿಂದ ಗಾಡಿ ಎತ್ತಬೇಡಿ. ಎತ್ತಿದ ಮೇಲೂ ಸೈನ್ಯದ ಹಳೇ ಬಾಣದ ಗುರುತಿನ ನಂಬರಿನಲ್ಲಿ ಓಡಿಸಿಕೊಂಡು ಬರಬೇಡಿ, ಟ್ರೇಲರ್ ಮೇಲೆ ಹೇರಿ ತನ್ನಿ.

ಪಾಲಿಸಿ ಬರೆಸುವ ಮೊದಲು ಒಂದು ಬೆಳಗ್ಗೆ ಇದಕ್ಕೆಂದೇ ಇಡಿ. ಚಾಸಿ ನಂಬರು ಉಕ್ಕಿನ ಚೌಕಟ್ಟಿನ ಮೇಲೆ ಒತ್ತಿರುತ್ತದೆ, ಅದರ ಮೇಲೆ ಹಸಿರು ಬಣ್ಣದ ನಾಲ್ಕೈದು ಪದರ. ಗ್ರೈಂಡರ್ ಹಿಡಿಯಬೇಡಿ, ಅಂಕೆಯೇ ಸವೆದು ಹೋಗುತ್ತದೆ, ಆಮೇಲೆ ತಿದ್ದಿದ್ದಾರೆಂಬ ಅನುಮಾನ ನಿಮ್ಮ ಮೇಲೆ. ಪೇಂಟ್ ರಿಮೂವರ್ ಹಚ್ಚಿ ಬಿಟ್ಟು ಬಟ್ಟೆಯಿಂದ ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ. ಮೂಡಿದ ಅಂಕೆಯನ್ನು ಫಾರಂ 21ರ ಜೊತೆ ಒಂದೊಂದಾಗಿ ಹೋಲಿಸಿ. 3 ಮತ್ತು 8, 0 ಮತ್ತು 6 ಅದಲುಬದಲಾಗುವುದು ಮಾಮೂಲು. ಎಂಜಿನ್ ನಂಬರಿಗೂ ಹೀಗೇ ಮಾಡಿ. ಸೈನ್ಯದ ವರ್ಕ್‌ಶಾಪುಗಳಲ್ಲಿ ಓವರ್‌ಹಾಲ್ ಆಗುವಾಗ ಎಂಜಿನ್ ಬದಲಾಗುವುದುಂಟು. ತಾಳೆಯಾಗದಿದ್ದರೆ ಮಾರಿದ ಕಚೇರಿಯಿಂದಲೇ ತಿದ್ದುಪಡಿ ಪತ್ರ ತರಿಸಿ.

ಆ ಹಸಿರು ಬಣ್ಣವನ್ನೂ ತೆಗೆಯಲೇಬೇಕು. ರಕ್ಷಣಾ ಇಲಾಖೆಯದಲ್ಲದ ಗಾಡಿಗೆ ಆಲಿವ್ ಗ್ರೀನ್ ಬಳಿಯುವಂತಿಲ್ಲ, ಕೇಂದ್ರ ಮೋಟಾರು ವಾಹನ ನಿಯಮ 121.

ಸ್ವಂತ ಹಾನಿಯ ರಕ್ಷಣೆ ಬೇಕೇ ಎಂದು ಕೇಳಿದರೆ, ಗಾಡಿಗೆ ಸುರಿದ ದುಡ್ಡನ್ನು ನೋಡಿ ತೀರ್ಮಾನಿಸಿ. ಐದು ವರ್ಷ ದಾಟಿದ ಗಾಡಿಯ ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆಯುವ ಗಾಡಿಯ ಬೆಲೆ, ಎರಡೂ ಕಡೆಯವರ ಒಪ್ಪಂದದ ಮೇಲೆ ನಿಲ್ಲುತ್ತದೆ, ಹಾಗಾಗಿ ದುರಸ್ತಿಯ ಬಿಲ್ಲು, ಫೋಟೊ ಎಲ್ಲ ಇಟ್ಟುಕೊಂಡು ಮಾತಾಡಿ. ಹತ್ತು ವರ್ಷ ಮೀರಿದ ಗಾಡಿಯ ಲೋಹದ ಬಿಡಿಭಾಗಕ್ಕೆ ಅರ್ಧ ಬೆಲೆ ಕಡಿತ, ಟಯರ್ ಟ್ಯೂಬಿಗೂ ಅರ್ಧ. ಸರಕು ವಾಹನದ ಪಾಲಿಸಿಯಲ್ಲಿ ದೀಪ, ಟಯರ್, ಮಡ್‌ಗಾರ್ಡ್, ಬಾನೆಟ್ಟಿನ ಪಕ್ಕದ ಭಾಗ, ಬಂಪರ್, ಬಣ್ಣ ಇವೆಲ್ಲ ಗಾಡಿ ಪೂರ್ತಿ ಹೋದಾಗ ಬಿಟ್ಟರೆ ಹೊರಗೇ ಉಳಿಯುತ್ತವೆ. ಒಳಗೆ ಬರಬೇಕಾದರೆ ಐಎಂಟಿ 23 ಎಂದು ಹೆಸರು ಹಿಡಿದು ಕೇಳಿ ಸೇರಿಸಿಕೊಳ್ಳಬೇಕು. ತಾನಾಗಿ ಬರುವುದಿಲ್ಲ, ಸಣ್ಣ ಡಿಕ್ಕಿಯಲ್ಲಿ ಹೋಗುವುದೆಲ್ಲ ಇವೇ.

ಪಾಲಿಸಿ ಬಂದ ಮೇಲೆ ಮೂರು ಕಡೆ ಬೆರಳಿಟ್ಟು ಓದಿ: ವಾಹನದ ವರ್ಗ, ಚಾಲಕ ಸೇರಿ ಆಸನ ಸಂಖ್ಯೆ, ಗಾಡಿಯನ್ನು ಯಾವುದಕ್ಕೆ ಬಳಸಬಹುದೆಂದು ಹೇಳುವ ‘ಲಿಮಿಟೇಷನ್ಸ್ ಆ್ಯಸ್ ಟು ಯೂಸ್’ ಎಂಬ ಸಾಲು. ನೋಂದಣಿ ಸಂಖ್ಯೆ ಸಿಕ್ಕ ಕೂಡಲೇ ಆರ್‌ಸಿ ಪ್ರತಿ ಶಾಖೆಗೆ ಕೊಟ್ಟು ಪಾಲಿಸಿಗೆ ಆ ಸಂಖ್ಯೆ ಸೇರಿಸುವ ಎಂಡಾರ್ಸ್‌ಮೆಂಟ್ ಮಾಡಿಸಿ, ಕೊಟ್ಟದ್ದಕ್ಕೆ ಸೀಲು ಹಾಕಿದ ಸ್ವೀಕೃತಿ ಪಡೆಯಿರಿ. ಮತ್ತೆ ಹಿಂದಿನ ಬೆಂಚನ್ನು ನಟ್ಟು ಬಿಚ್ಚಿ ಶೆಡ್ಡಿನಲ್ಲಿಡಿ. ಬೆಂಚು ಕಂಡರೆ ಹತ್ತುವವರನ್ನು ಬೇಡ ಅನ್ನುವುದು ಕಷ್ಟ.