ಮನೆಬೆಕ್ಕಿಗೂ ಕಾಡುಬೆಕ್ಕಿಗೂ ಮರಿಯಾಗುತ್ತದೆಯೇ?

ಪ್ರಶ್ನೆ: ನಮ್ಮ ತೋಟದ ಮನೆ ಕಾಡಿನ ಅಂಚಿನಲ್ಲೇ ಇದೆ. ಮನೆಯ ಬೆಕ್ಕು ಈ ಸಲ ನಾಲ್ಕು ಮರಿ ಹಾಕಿದೆ. ಮೂರು ತಾಯಿಯ ಹಾಗೆ ಕಪ್ಪು-ಬಿಳಿ. ನಾಲ್ಕನೆಯದಕ್ಕೆ ಮಾತ್ರ ಬೂದು ಮೈ, ಅದರ ಮೇಲೆ ಹುಲಿಪಟ್ಟೆ. ಹತ್ತಿರ ಹೋದರೆ ಬುಸುಗುಡುತ್ತದೆ. ಇದು ಕಾಡುಬೆಕ್ಕಿಗೆ ಹುಟ್ಟಿದ್ದು ಎನ್ನುತ್ತಾರೆ ಊರಿನವರು. ಹಾಗೆ ಆಗುವುದುಂಟೇ?

ಉತ್ತರ: ಆಗುವುದುಂಟು. ಆದರೂ ನಿಮ್ಮ ನಾಲ್ಕನೆಯ ಮರಿಯ ಅಪ್ಪನನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಅಗತ್ಯ ಬಹುಶಃ ಇಲ್ಲ, ಪಕ್ಕದ ಕೇರಿ ಸಾಕು.

ಬೆದೆಗೆ ಬಂದ ಹೆಣ್ಣುಬೆಕ್ಕು ಒಂದೇ ಗಂಡಿಗೆ ನಿಲ್ಲುವುದಿಲ್ಲ. ಬೆಕ್ಕುಗಳಲ್ಲಿ ಸಾಮಾನ್ಯವಾಗಿ ಅಂಡ ಬಿಡುಗಡೆಯಾಗುವುದೇ ಗಂಡಿನೊಡನೆ ಕೂಡಿದ ಮೇಲೆ. ಆ ಎರಡು ಮೂರು ದಿನಗಳಲ್ಲಿ ಬೇರೆ ಬೇರೆ ಗಂಡುಗಳು ಬಂದು ಹೋದರೆ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು. ಇನ್ನು ಹುಲಿಪಟ್ಟೆ: ಅದು ಮನೆಬೆಕ್ಕಿನ ಮೂಲ ಬಣ್ಣವೇ. ಕಪ್ಪು, ಬಿಳಿ, ಕಂದು ಮಚ್ಚೆಗಳೆಲ್ಲ ಮನುಷ್ಯರ ಜೊತೆ ಬಾಳತೊಡಗಿದ ಮೇಲೆ ಹೆಚ್ಚಿದವು. ಬುಸುಗುಡುವುದಕ್ಕೂ ವಂಶದ ಕಾರಣ ಬೇಕಿಲ್ಲ. ಎರಡನೆಯ ವಾರದಿಂದ ಏಳನೆಯ ವಾರದ ತನಕ ಮನುಷ್ಯರ ಕೈಗೆ ಸಿಗದೆ ಬೆಳೆದ ಯಾವ ಮರಿಯೂ ಹಾಗೇ ಮಾಡುತ್ತದೆ. ಅದನ್ನು ಉಳಿದ ಮರಿಗಳಂತೆಯೇ ಸಾಕಿ. ಸಕಾಲಕ್ಕೆ ಲಸಿಕೆ ಹಾಕಿಸಿ, ಐದಾರು ತಿಂಗಳಿಗೆ ಪಶುವೈದ್ಯರ ಬಳಿ ಸಂತಾನಹರಣ ಚಿಕಿತ್ಸೆ ಮಾಡಿಸಿ. ಮಾಡಿಸಲೇಬೇಕು ಎನ್ನುವುದು ಯಾಕೆಂದು ಮುಂದೆ ಹೇಳುತ್ತೇನೆ.

ಈಗ ದೊಡ್ಡ ಪ್ರಶ್ನೆಗೆ ಬರೋಣ. ಕಾಡಿನಲ್ಲಿ ಓಡಾಡುವ ಬೆಕ್ಕಿನಂಥ ಪ್ರಾಣಿಯನ್ನೆಲ್ಲ ನಾವು ಕಾಡುಬೆಕ್ಕು ಎಂದೇ ಕರೆದುಬಿಡುತ್ತೇವೆ. ಅದರಲ್ಲಿ ಪುನುಗುಬೆಕ್ಕನ್ನು ಮೊದಲು ಬದಿಗಿಡಿ. ಅದು ಬೆಕ್ಕಿನ ಕುಟುಂಬಕ್ಕೇ ಸೇರಿದ್ದಲ್ಲ, ಮನೆಬೆಕ್ಕಿನೊಡನೆ ಅದಕ್ಕೆ ಮರಿಯಾಗುವ ಮಾತೇ ಇಲ್ಲ. ಉಳಿದವುಗಳ ವಿಷಯದಲ್ಲಿ ನೋಡಬೇಕಾದದ್ದು ನೆಂಟಸ್ತನ ಎಷ್ಟು ಹತ್ತಿರದ್ದು ಎಂಬುದನ್ನು.

ಬೆಕ್ಕಿನ ಕುಟುಂಬದಲ್ಲಿ ಹುಲಿ, ಸಿಂಹದಿಂದ ಹಿಡಿದು ಸುಮಾರು ನಲವತ್ತು ಪ್ರಭೇದಗಳಿವೆ. ಹುಲಿ, ಚಿರತೆಗಳ ಕವಲು ಒಂದು ಕೋಟಿ ವರ್ಷಗಳಿಗೂ ಹಿಂದೆ ಬೇರೆಯಾಯಿತು. ಮನೆಬೆಕ್ಕಿನ ಕವಲಿನಲ್ಲಿ ಇರುವವು ಎಲ್ಲವೂ ಸಣ್ಣವು: ಆಫ್ರಿಕಾ-ಏಷ್ಯಾಗಳ ವನ್ಯಬೆಕ್ಕು, ಯೂರೋಪಿನ ವನ್ಯಬೆಕ್ಕು, ಮರಳುಗಾಡಿನ ಪುಟ್ಟ ಬೆಕ್ಕು, ನಮ್ಮ ಕುರುಚಲು ಕಾಡು, ಹೊಲಗದ್ದೆಗಳಲ್ಲಿ ಸುಳಿಯುವ ನಿಜವಾದ ಕಾಡುಬೆಕ್ಕು. ಇವುಗಳಲ್ಲಿ ಆಫ್ರಿಕಾ ವನ್ಯಬೆಕ್ಕನ್ನು ನೆಂಟ ಎನ್ನುವುದೂ ಕಡಿಮೆಯೇ, ಅದು ಮನೆಬೆಕ್ಕಿನ ಹಿರೀಕ. ಸಾವಿರಕ್ಕೆ ಹತ್ತಿರ ಬೆಕ್ಕುಗಳ ಡಿಎನ್ಎ ಹೋಲಿಸಿ ನೋಡಿದ 2007ರ ಅಧ್ಯಯನವೊಂದು ಜಗತ್ತಿನ ಮನೆಬೆಕ್ಕುಗಳ ಬೇರು ಪಶ್ಚಿಮ ಏಷ್ಯಾದ ಆ ವನ್ಯಬೆಕ್ಕಿನಲ್ಲಿದೆ ಎಂದು ತೋರಿಸಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂಳಿದ್ದಾರೆ. ವಿಕಾಸದ ಲೆಕ್ಕದಲ್ಲಿ ಇದು ನಿನ್ನೆ ಮೊನ್ನೆಯ ಮಾತು. ಹಾಗಾಗಿ ಇವೆರಡೂ ಕೂಡಿದರೆ ಮರಿಯಾಗುತ್ತದೆ, ಆ ಮರಿಗಳಿಗೂ ಮರಿಯಾಗುತ್ತದೆ. ಯೂರೋಪಿನ ವನ್ಯಬೆಕ್ಕಿನ ಕತೆಯೂ ಅದೇ.

ನಮ್ಮ ಕಾಡುಬೆಕ್ಕು ಇವೆರಡಕ್ಕಿಂತ ತುಸು ದೂರದ್ದು, ಆದರೆ ಅದೇ ಕವಲಿನದು. ಮನೆಬೆಕ್ಕಿನೊಡನೆ ಅದಕ್ಕೆ ಮರಿಯಾಗುತ್ತದೆ ಎಂಬುದಕ್ಕೆ ಚೌಸಿ ಎಂಬ ಸಾಕು ತಳಿಯೇ ಸಾಕ್ಷಿ. ಅದು ಹುಟ್ಟಿದ್ದು ಈ ಎರಡರ ಮಿಶ್ರಣದಿಂದ.

ನೆಂಟಸ್ತನ ಇನ್ನೂ ದೂರವಾದಾಗ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಬೆಂಗಳೂರಿನ ಮನೆಗಳಲ್ಲೂ ಈಗ ಕಾಣಸಿಗುವ ಬೆಂಗಾಲ್ ಬೆಕ್ಕು. ಪಶ್ಚಿಮ ಘಟ್ಟದಲ್ಲಿ ಚಿರತೆಬೆಕ್ಕು ಎಂಬ ನಿಶಾಚರಿ ಇದೆ. ಗಾತ್ರದಲ್ಲಿ ಮನೆಬೆಕ್ಕಿನಷ್ಟೇ, ಮೈಮೇಲೆ ಚಿರತೆಯಂಥ ಚುಕ್ಕೆ. ಅದರ ಕವಲೂ ಮನೆಬೆಕ್ಕಿನ ಕವಲೂ ಬೇರೆಯಾಗಿ ಸುಮಾರು 60 ಲಕ್ಷ ವರ್ಷವಾಗಿದೆ. ಅಮೆರಿಕದ ಜೀನ್ ಮಿಲ್ ಎಂಬ ಮಹಿಳೆ 1960ರ ದಶಕದಲ್ಲಿ ಇವೆರಡರ ಮಿಶ್ರ ಮರಿ ಪಡೆದರು. ಮುಂದೆ ವಿಲರ್ಡ್ ಸೆಂಟರ್‌ವಾಲ್ ಎಂಬ ಸಂಶೋಧಕರು ಬೆಕ್ಕುಗಳ ರಕ್ತಕ್ಯಾನ್ಸರಿನ ಅಧ್ಯಯನಕ್ಕಾಗಿ ಇಂಥವೇ ಮರಿಗಳನ್ನು ಹುಟ್ಟಿಸಿದ್ದರು. ಅವುಗಳಲ್ಲಿ ಕೆಲವು ಮಿಲ್ ಕೈಸೇರಿ ಬೆಂಗಾಲ್ ತಳಿಗೆ ಬುನಾದಿಯಾದವು. ಈ ತಳಿಯ ಹಿರಿಯರಲ್ಲಿ ನಮ್ಮ ದೇಶದ ಒಂದು ಬೀದಿಬೆಕ್ಕೂ ಇದೆ. ದೆಹಲಿಯ ಮೃಗಾಲಯದಲ್ಲಿ ಖಡ್ಗಮೃಗದ ಆವರಣದಲ್ಲಿ ಬಾಳಿಕೊಂಡಿದ್ದ ಚುಕ್ಕೆಚುಕ್ಕೆಯ ಗಂಡೊಂದನ್ನು ಮಿಲ್ ಅಮೆರಿಕಕ್ಕೆ ಒಯ್ದರು. ಬೆಂಗಾಲ್ ಬೆಕ್ಕುಗಳ ಕೂದಲಿನ ಹೊಳಪು ಅದರಿಂದ ಬಂದದ್ದೆಂದು ತಳಿಗಾರರು ಹೇಳುತ್ತಾರೆ. ಯಾರೂ ಸಾಕದೆ ಇದ್ದ ಬೆಕ್ಕಿನ ಸಂತಾನವನ್ನು ಇವತ್ತು ಜನ ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುತ್ತಿದ್ದಾರೆ!

ಮಿಲ್ ಎದುರಿಸಿದ ತೊಡಕು ಏನೆಂದರೆ, ಚಿರತೆಬೆಕ್ಕಿಗೂ ಮನೆಬೆಕ್ಕಿಗೂ ಹುಟ್ಟಿದ ಗಂಡುಮರಿಗಳು ಬರಡು. ಹೆಣ್ಣುಮರಿಗಳಿಗೆ ಈ ತೊಂದರೆಯಿಲ್ಲ. ಆ ಹೆಣ್ಣುಗಳನ್ನು ಮತ್ತೆ ಮತ್ತೆ ಮನೆಬೆಕ್ಕಿನ ಗಂಡಿಗೆ ಕೊಡುತ್ತ ಮೂರು ನಾಲ್ಕು ತಲೆಮಾರು ದಾಟಿದ ಮೇಲಷ್ಟೇ ಮರಿ ಹುಟ್ಟಿಸಬಲ್ಲ ಗಂಡು ಸಿಗುತ್ತದೆ. ಮಿಶ್ರ ಸಂತಾನದಲ್ಲಿ ಒಂದು ಲಿಂಗ ಬರಡಾದರೆ ಅದು ಸಾಮಾನ್ಯವಾಗಿ ಎರಡು ಬೇರೆ ಬಗೆಯ ಲಿಂಗ ವರ್ಣತಂತುಗಳನ್ನು ಹೊತ್ತ ಲಿಂಗವೇ ಆಗಿರುತ್ತದೆ ಎಂದು 1922ರಲ್ಲೇ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಗುರುತಿಸಿದ್ದರು. ಸಸ್ತನಿಗಳಲ್ಲಿ ಅದು ಎಕ್ಸ್ ಮತ್ತು ವೈ ಎರಡನ್ನೂ ಹೊತ್ತ ಗಂಡು. (ಈ ಹಾಲ್ಡೇನ್ 1957ರಲ್ಲಿ ಬ್ರಿಟನ್ ಬಿಟ್ಟು ಭಾರತಕ್ಕೆ ಬಂದು, ಇಲ್ಲಿನ ಪೌರತ್ವ ಪಡೆದು, ಭುವನೇಶ್ವರದಲ್ಲಿ ತೀರಿಕೊಂಡರು.)

ವರ್ಣತಂತುಗಳ ಸಂಖ್ಯೆ ಬೇರೆಯಾದರೆ ಮರಿಯೇ ಆಗುವುದಿಲ್ಲ ಎಂದು ಹಲವರು ತಿಳಿದಿದ್ದಾರೆ. ಅದೂ ಪೂರ್ತಿ ಸರಿಯಲ್ಲ. ಮನೆಬೆಕ್ಕಿಗೆ 38, ದಕ್ಷಿಣ ಅಮೆರಿಕದ ಜೆಫ್ರಿ ಬೆಕ್ಕಿಗೆ 36. ಇವೆರಡರ ಮರಿಗಳು 37 ವರ್ಣತಂತು ಹೊತ್ತು ಹುಟ್ಟಿವೆ. ಗಾತ್ರ ಮತ್ತು ಗಬ್ಬದ ಅವಧಿ ಇದಕ್ಕಿಂತ ದೊಡ್ಡ ತಡೆ. ಆಫ್ರಿಕಾದ ಸರ್ವಲ್ ಎಂಬ ಉದ್ದಕಾಲಿನ ಬೆಕ್ಕಿನೊಡನೆ ಬೆರೆಸಿ ಸವಾನ್ನಾ ತಳಿ ಹುಟ್ಟಿಸಿದ್ದು 1986ರಲ್ಲಿ. ಸರ್ವಲ್‌ನ ಗಬ್ಬ ಮನೆಬೆಕ್ಕಿನದಕ್ಕಿಂತ ಹೆಚ್ಚುಕಡಿಮೆ ಹತ್ತು ದಿನ ದೀರ್ಘ. ಆದ್ದರಿಂದ ಮನೆಬೆಕ್ಕಿನ ಹೊಟ್ಟೆಯಲ್ಲಿ ಬೆಳೆದ ಮಿಶ್ರ ಮರಿಗಳು ಎಷ್ಟೋ ಸಲ ತಿಂಗಳು ತುಂಬದೆ ಹುಟ್ಟುತ್ತವೆ. ಚಿರತೆ, ಹುಲಿಗಳ ಮಾತಂತೂ ಬೇಡ. ಚಿರತೆಗೆ ಮನೆಬೆಕ್ಕು ಕಂಡರೆ ಊಟ, ಅಷ್ಟೇ.

ಇವೆಲ್ಲ ಮನುಷ್ಯ ಪಂಜರದಲ್ಲಿಟ್ಟು ಮಾಡಿಸಿದ ಸಂಬಂಧ. ಬಯಲಿನಲ್ಲಿ ತಾವಾಗಿಯೇ ಕೂಡುವುದು ಬೇರೆ ವಿಷಯ. ತನ್ನ ಜಾತಿಯ ಗಂಡು ಹತ್ತಿರದಲ್ಲಿ ಸಿಗುವ ತನಕ ಕಾಡಿನ ಹೆಣ್ಣು ಊರಬೆಕ್ಕಿನ ಕಡೆ ತಿರುಗಿ ನೋಡುವುದು ಕಡಿಮೆ. ಸಿಗದೇ ಹೋದಾಗ ಏನಾಗುತ್ತದೆ ಎಂಬುದನ್ನು ಸ್ಕಾಟ್ಲೆಂಡಿನಲ್ಲಿ ನೋಡಬೇಕು.

ಬ್ರಿಟನ್ನಿನಲ್ಲಿ ವನ್ಯಬೆಕ್ಕು ಒಂದು ಕಾಲಕ್ಕೆ ದ್ವೀಪದ ಉದ್ದಗಲಕ್ಕೂ ಇತ್ತು. ಕಾಡು ಕಡಿದು, ಬೇಟೆಯಾಡಲೆಂದು ಹಕ್ಕಿ ಸಾಕುವ ಎಸ್ಟೇಟುಗಳ ಕಾವಲುಗಾರರು ಕಂಡಕಂಡಲ್ಲಿ ಕೊಂದು, ಕೊನೆಗೆ ಅದು ಉತ್ತರದ ಸ್ಕಾಟ್ಲೆಂಡಿಗೆ ಸೀಮಿತವಾಯಿತು. ಅಲ್ಲಿಗೆ ಮನೆಬೆಕ್ಕು ಬಂದು ಎರಡು ಸಾವಿರ ವರ್ಷವಾಗಿದ್ದರೂ ಎರಡೂ ಬೇರೆ ಬೇರೆಯಾಗಿಯೇ ಉಳಿದಿದ್ದವು. ಹಳೆಯ ಮೂಳೆಗಳ ಮತ್ತು ಈಗಿನ ಬೆಕ್ಕುಗಳ ಡಿಎನ್ಎ ಪರೀಕ್ಷಿಸಿ 2023ರಲ್ಲಿ ಪ್ರಕಟವಾದ ಅಧ್ಯಯನಗಳ ಪ್ರಕಾರ ದೊಡ್ಡ ಪ್ರಮಾಣದ ಬೆರಕೆ ಶುರುವಾದದ್ದು ಕಳೆದ ಶತಮಾನದ ನಡುವಿನಲ್ಲಿ. ಅಂದರೆ ಸಾಮೀಪ್ಯ ಒಂದೇ ಕಾರಣವಲ್ಲ, ಒಂಟಿತನವೇ ಮುಖ್ಯ ಕಾರಣ. ವನ್ಯಬೆಕ್ಕುಗಳ ಸಂಖ್ಯೆ ಕುಸಿದು, ಬೆದೆಗೆ ಬಂದದ್ದಕ್ಕೆ ಜೋಡಿ ಸಿಗದೆ, ಸಿಕ್ಕಿದ ಊರಬೆಕ್ಕಿನೊಡನೆ ಕೂಡಿತು. ಹುಟ್ಟಿದ ಮರಿಗಳಿಗೆ ಬರಡುತನವಿಲ್ಲದ್ದರಿಂದ ಅವೂ ಬೆರೆತವು. ತಲೆಮಾರಿಂದ ತಲೆಮಾರಿಗೆ ಹಾಲಿಗೆ ನೀರು ಬೆರೆಸುತ್ತ ಹೋದಂತಾಯಿತು. ಅಲ್ಲಿನ ಸಂತತಿ ತಾನಾಗಿ ಉಳಿಯುವ ಸ್ಥಿತಿಯಲ್ಲಿಲ್ಲ ಎಂದು 2019ರಲ್ಲಿ ತಜ್ಞರು ವರದಿ ಕೊಟ್ಟರು. ಪಂಜರದಲ್ಲಿ ಬೆಳೆಸಿದ ವನ್ಯಬೆಕ್ಕುಗಳನ್ನು 2023ರಿಂದ ಕೇರ್ನ್‌ಗಾರ್ಮ್ಸ್ ಬೆಟ್ಟಸೀಮೆಯಲ್ಲಿ ಬಿಡಲಾಗುತ್ತಿದೆ. ಮೊದಲ ವರ್ಷ ಬಿಟ್ಟದ್ದು 19. ಮರುವರ್ಷ ಅವುಗಳಿಗೆ ಮರಿಗಳೂ ಆದವು. ಬಿಡುವ ಕೆಲಸದ ಜೊತೆಗೇ ಸುತ್ತಲಿನ ಊರಬೆಕ್ಕುಗಳಿಗೆ ಸಂತಾನಹರಣ ಚಿಕಿತ್ಸೆಯೂ ನಡೆದಿದೆ. ಇಲ್ಲದಿದ್ದರೆ ಬಿಟ್ಟದ್ದೂ ವ್ಯರ್ಥ.

ಭಾರತದಲ್ಲಿ ಇದೇ ಆತಂಕ ಇರುವುದು ಥಾರ್ ಮತ್ತು ಕಚ್ಛ್ ಕಡೆಯ ಮರುಭೂಮಿ ಬೆಕ್ಕಿನ ಬಗ್ಗೆ. ಅದು ಮನೆಬೆಕ್ಕಿನ ಹಿರೀಕನ ಏಷ್ಯಾ ಶಾಖೆ. ಮರಳುಗಾಡಿನೊಳಗೆ ಊರು, ರಸ್ತೆ ಹೆಚ್ಚಿದಷ್ಟೂ ಅವುಗಳ ಹಿಂದೆಯೇ ಮನೆಬೆಕ್ಕೂ ಹೋಗುತ್ತದೆ. ಕರ್ನಾಟಕದಲ್ಲಿ ಮರುಭೂಮಿ ಬೆಕ್ಕಿಲ್ಲ. ಇಲ್ಲಿರುವ ಕಾಡುಬೆಕ್ಕು, ಚಿರತೆಬೆಕ್ಕು ಮತ್ತು ತುಕ್ಕುಬಣ್ಣದ ಚುಕ್ಕೆಗಳ ಅತಿಪುಟ್ಟ ಕಾಡಿನ ಬೆಕ್ಕಿಗೆ ನಮ್ಮ ಮನೆಬೆಕ್ಕಿನಿಂದ ಬೆರಕೆಗಿಂತ ರೋಗದ ಭಯ ಹೆಚ್ಚು ಎಂದು ನನ್ನ ಎಣಿಕೆ. ವಾಂತಿ-ಭೇದಿಯಿಂದ ಮರಿಗಳನ್ನು ಕೊಲ್ಲುವ ಪ್ಯಾನ್‌ಲ್ಯುಕೋಪೀನಿಯಾದಂಥ ಸೋಂಕು ದಾಟಿಹೋಗಲು ಕೂಡಿಕೆಯೂ ಬೇಕಿಲ್ಲ, ಒಂದೇ ಬದುವಿನ ಮೇಲೆ ಓಡಾಡಿದರೆ ಸಾಕು. ಲಸಿಕೆಯನ್ನೂ ಚಿಕಿತ್ಸೆಯನ್ನೂ ಮಾಡಿಸಲೇಬೇಕು ಎಂದು ಒತ್ತಿ ಹೇಳಿದ್ದು ಇದಕ್ಕೇ. ಊರಿನವರ ಚಿಂತೆ ಮನೆಬೆಕ್ಕಿಗೆ ಕಾಡಿನ ಗುಣ ಬಂತೇ ಎಂಬುದು. ಕೆಡುವುದು ಕಾಡಿನ ಕಡೆಯದು.

ಕಾಡುಬೆಕ್ಕನ್ನು ಗುರುತಿಸುವ ಬಗೆ ಗೊತ್ತಿದ್ದರೆ ಅನುಮಾನ ಅರ್ಧ ಕಳೆಯುತ್ತದೆ. ಬೆಳೆದ ಕಾಡುಬೆಕ್ಕಿನ ಮೈ ಮರಳುಕಂದು, ಅದರ ಮೇಲೆ ಎದ್ದು ಕಾಣುವ ಪಟ್ಟೆಯಿಲ್ಲ. ಕಾಲು ಉದ್ದ, ಬಾಲ ಗಿಡ್ಡ, ಬಾಲದ ತುದಿಯ ಕಡೆ ಕಪ್ಪು ಬಳೆಗಳು, ಕಿವಿಯ ತುದಿಯಲ್ಲಿ ಕಪ್ಪು ಕೂದಲಿನ ಸಣ್ಣ ಕುಚ್ಚು. ದಟ್ಟ ಕಾಡಿಗಿಂತ ಹುಲ್ಲು, ಜೊಂಡು, ಕಬ್ಬಿನ ಗದ್ದೆ ಅದಕ್ಕೆ ಇಷ್ಟ. ಹಗಲಲ್ಲೂ ಕಾಣಿಸುತ್ತದೆ. ಇಲಿ ಹಿಡಿಯುವುದರಲ್ಲಿ ರೈತನಿಗೆ ಇದಕ್ಕಿಂತ ಒಳ್ಳೆಯ ಆಳಿಲ್ಲ, ಆಗಾಗ ಒಂದು ಕೋಳಿ ಹೋಗುತ್ತದೆ ನಿಜ.

ಮೋಸಹೋಗುವುದು ಮರಿಗಳನ್ನು ನೋಡಿ. ಕಾಡುಬೆಕ್ಕಿನ ಮರಿಗಳ ಮೈಮೇಲೆ ಪಟ್ಟೆಗಳಿರುತ್ತವೆ, ಬೆಳೆದಂತೆ ಮಾಸುತ್ತವೆ. ಕಬ್ಬು ಕಡಿಯುವಾಗ ಸಿಕ್ಕ ಇಂಥ ಮರಿಗಳನ್ನು ಮನೆಬೆಕ್ಕಿನವೆಂದೋ, ತಾಯಿ ಬಿಟ್ಟುಹೋದವೆಂದೋ ತಂದು ಸಾಕಲು ಹೋಗುವವರಿದ್ದಾರೆ. ತಾಯಿ ಸಾಮಾನ್ಯವಾಗಿ ಅಲ್ಲೇ ಹತ್ತಿರದಲ್ಲಿ ಅವಿತಿರುತ್ತದೆ. ಮರಿಗಳನ್ನು ಮುಟ್ಟದೆ, ಆ ಮೂಲೆಯ ಕಟಾವು ನಿಲ್ಲಿಸಿ, ನಾಯಿಗಳನ್ನು ದೂರವಿಟ್ಟು ಒಂದು ರಾತ್ರಿ ಬಿಡಿ. ಬೆಳಗಿನೊಳಗೆ ಅದು ಬಂದು ಕಚ್ಚಿಕೊಂಡು ಹೋಗುವ ಸಂಭವವೇ ಹೆಚ್ಚು. ಬರದಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ. ಕಾಡಿನ ಯಾವ ಬೆಕ್ಕನ್ನಾದರೂ ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.