ಸಮಾಧಿಯ ಚಿತ್ರಕ್ಕೆ ಒಂದು ಕೆಲಸವಿತ್ತು

ಈಜಿಪ್ಟಿನ ರಾಜರ ಕಣಿವೆಯಲ್ಲಿ ಹೊರೆಮ್‌ಹೆಬ್ ದೊರೆಯ ಸಮಾಧಿಯನ್ನು 1908ರಲ್ಲಿ ತೆರೆದಾಗ, ಒಳಗಿನ ಗೋಡೆಗಳ ಕೆಲಸ ಅರ್ಧಕ್ಕೇ ನಿಂತಿತ್ತು. ಕಲಾ ಇತಿಹಾಸದ ಪಾಲಿಗೆ ಇದಕ್ಕಿಂತ ದೊಡ್ಡ ಅದೃಷ್ಟವಿಲ್ಲ. ಚಿತ್ರ ಹುಟ್ಟಿದ ಕ್ರಮವೆಲ್ಲ ಅಲ್ಲಿ ಬಿಚ್ಚಿಟ್ಟಂತಿದೆ.

ಮೊದಲು ಬಂಡೆಯ ಬಿರುಕುಗಳಿಗೆ ಗಾರೆ ತುಂಬಿ ನಯಗೊಳಿಸುತ್ತಿದ್ದರು. ಕೆಮ್ಮಣ್ಣಿನಲ್ಲಿ ಅದ್ದಿದ ದಾರವನ್ನು ಬಿಗಿಹಿಡಿದು ಮೀಟಿದರೆ ಗೋಡೆಯ ಮೇಲೆ ನೇರ ಗೆರೆ ಮೂಡುತ್ತದೆ. ಹೀಗೆ ಅಡ್ಡಕ್ಕೂ ಉದ್ದಕ್ಕೂ ಗೆರೆ ಹಾಕಿ ಚೌಕಗಳನ್ನು ಮಾಡಿಕೊಂಡು, ಅದರೊಳಗೆ ಕೆಂಪಿನಲ್ಲಿ ರೂಪರೇಖೆ ಬರೆಯುತ್ತಿದ್ದರು. ಅದರ ತಪ್ಪುಗಳನ್ನು ಕಪ್ಪು ಗೆರೆಯಲ್ಲಿ ತಿದ್ದಲಾಗುತ್ತಿತ್ತು. ಆಮೇಲೆ ಉಳಿಯಿಂದ ಕೆತ್ತನೆ, ಕೊನೆಗೆ ಬಣ್ಣ. ನಿಂತ ಮನುಷ್ಯನಿಗೆ ಅಂಗಾಲಿನಿಂದ ಹಣೆಯ ಕೂದಲಂಚಿನವರೆಗೆ 18 ಚೌಕ, ಕುಳಿತವನಿಗೆ 14. ಮಂಡಿ ಆರನೆಯ ಗೆರೆಗೆ ಬರಬೇಕು, ಕುತ್ತಿಗೆ ಭುಜಕ್ಕೆ ಸೇರುವುದು ಹದಿನಾರನೆಯದಕ್ಕೆ. ಆಕೃತಿ ಗೇಣುದ್ದವಿರಲಿ, ಆಳೆತ್ತರವಿರಲಿ, ಅಳತೆಯ ಅನುಪಾತ ಕದಲುತ್ತಿರಲಿಲ್ಲ.

ಇಷ್ಟೊಂದು ಕಟ್ಟುನಿಟ್ಟು ಯಾಕೆ? ಸತ್ತವನ 'ಕಾ', ಅಂದರೆ ಅವನ ಜೀವಶಕ್ತಿ, ಉಳಿಯಲು ಒಂದು ದೇಹ ಬೇಕು. ಮಮ್ಮಿ ಹಾಳಾದರೆ ಆ ಜಾಗಕ್ಕೆ ಶಿಲ್ಪವೋ ಚಿತ್ರವೋ ಒದಗಬೇಕು. ಅದಕ್ಕೇ 'ಬಾಯಿ ತೆರೆಸುವ' ವಿಧಿಯಲ್ಲಿ ಮಮ್ಮಿಯ ಹಾಗೆ ಪ್ರತಿಮೆಯ ಬಾಯಿಗೂ ಬಾಚಿಯನ್ನು ಮುಟ್ಟಿಸುತ್ತಿದ್ದರು; ಆಗ ಅದು ಉಸಿರಾಡಬಲ್ಲದು, ಉಣ್ಣಬಲ್ಲದು. ಇಂಥ ದೇಹದಲ್ಲಿ ಯಾವ ಅಂಗವೂ ಮರೆಯಾಗಬಾರದು. ಮುಖ ಪಕ್ಕದಿಂದ, ಕಣ್ಣು ಎದುರಿನಿಂದ, ಭುಜಗಳು ಎದುರಿನಿಂದ, ಕಾಲುಗಳು ಮತ್ತೆ ಪಕ್ಕದಿಂದ: ಪ್ರತಿಯೊಂದೂ ತನ್ನ ಗುರುತು ಸ್ಪಷ್ಟವಾಗುವ ಕೋನದಲ್ಲಿ. ಕ್ರಿ.ಪೂ. 1350ರ ಸುಮಾರಿನ ನೆಬಮುನ್ ಎಂಬ ಅಧಿಕಾರಿಯ ಸಮಾಧಿಯ ತೋಟದ ಚಿತ್ರದಲ್ಲಿ ಕೊಳವನ್ನು ಮೇಲಿಂದ ಕಂಡಂತೆ ಬರೆದು, ಅದರ ಮೀನುಗಳನ್ನೂ ಸುತ್ತಲಿನ ಮರಗಳನ್ನೂ ಪಕ್ಕದಿಂದ ತೋರಿಸಿದ್ದಾರೆ. ದೂರ–ಹತ್ತಿರದ ನೋಟ ಬರೆಯಲು ಬಾರದೆ ಹೀಗೆ ಮಾಡಿದರು ಎನ್ನುವುದು ಅನ್ಯಾಯದ ಮಾತು. ಅರ್ಧ ಮರೆಯಾದ ಹಣ್ಣಿನ ಮರ ಸತ್ತವನಿಗೆ ಅರ್ಧವೇ ದಕ್ಕೀತು.

ಚಿತ್ರ ಜೀವ ತಳೆಯುವುದಾದರೆ ಅಪಾಯವೂ ಇದೆ. ಕ್ರಿ.ಪೂ. 2300ರ ಸುಮಾರಿನ ಕೆಲವು ಪಿರಮಿಡ್ಡುಗಳ ಶವದ ಕೋಣೆಯಲ್ಲಿ ಚಿತ್ರಲಿಪಿಯ ಮನುಷ್ಯ, ಪ್ರಾಣಿಗಳ ಅಕ್ಷರಗಳನ್ನು ಬೇಕೆಂದೇ ಅಪೂರ್ಣವಾಗಿ ಕೆತ್ತಿದ್ದಾರೆ, ಅವು ಎದ್ದು ಶವಕ್ಕೆ ಕೇಡು ಮಾಡದಿರಲೆಂದು. ಹಗೆಯನ್ನು ಪರಲೋಕದಲ್ಲೂ ಅಳಿಸಬೇಕೆಂದವರು ಅವನ ಚಿತ್ರದ ಮುಖವನ್ನು ಒಡೆದು ಹಾಕುತ್ತಿದ್ದರು. ಮೂಗು ಹೋದರೆ ಉಸಿರು ಹೋದಂತೆ. ಪರಲೋಕದ ಹೊಲದ ದುಡಿಮೆಗೂ ಆಳಾಗಿ ಬೊಂಬೆಗಳಿದ್ದವು. ಟುಟಾಂಕಾಮುನ್‌ನ ಸಮಾಧಿಯಲ್ಲಿ ಸಿಕ್ಕವು 413. ಅವುಗಳಲ್ಲಿ ದಿನಕ್ಕೊಬ್ಬನಂತೆ 365 ಕೆಲಸಗಾರರು, ಉಳಿದವರು ಮೇಲ್ವಿಚಾರಕರು.

ಬಣ್ಣದಲ್ಲಿ ನೀಲಿಯೇ ಕಷ್ಟದ್ದು. ಮರಳು, ಸುಣ್ಣ, ತಾಮ್ರ, ಸ್ವಲ್ಪ ಕ್ಷಾರ ಸೇರಿಸಿ 850ರಿಂದ 1,000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಕಾಯಿಸಬೇಕು. ಉರಿ ಇನ್ನೂ ಏರಿದರೆ ನೀಲಿ ಹರಳು ಒಡೆದು ಬಣ್ಣ ಕೆಡುತ್ತದೆ. ಹದವಾಗಿ ಬಂದರೆ ಸಾವಿರಾರು ವರ್ಷ ಮಾಸುವುದಿಲ್ಲ.

ಬಣ್ಣ ಉಳಿದರೂ ಗೋಡೆ ಉಳಿಯಬೇಕಲ್ಲ. ರಾಣಿ ನೆಫರ್ತಾರಿಯ ಸಮಾಧಿಯಲ್ಲಿ ಸುಣ್ಣದಕಲ್ಲಿನೊಳಗಿನ ಉಪ್ಪು ತೇವಕ್ಕೆ ಕರಗಿ, ಮೇಲ್ಮೈಗೆ ಬಂದು ಒಣಗಿ ಹರಳುಗಟ್ಟಿ, ಬಣ್ಣದ ಗಾರೆಯನ್ನು ಹಿಂದಿನಿಂದ ತಳ್ಳಿ ಉದುರಿಸುತ್ತಿತ್ತು. 1986ರಿಂದ 1992ರವರೆಗೆ ಈಜಿಪ್ಟಿನ ಪುರಾತತ್ವ ಇಲಾಖೆ ಮತ್ತು ಗೆಟ್ಟಿ ಸಂರಕ್ಷಣಾ ಸಂಸ್ಥೆ ಸೇರಿ ಆ ಗಾರೆಯನ್ನು ಮತ್ತೆ ಬಂಡೆಗೆ ಕೂರಿಸಿದವು. ನೋಡಲು ಬರುವವರ ಉಸಿರು, ಬೆವರಿನ ತೇವವೂ ಆ ಉಪ್ಪನ್ನು ಎಬ್ಬಿಸುತ್ತದೆ. ಆದ್ದರಿಂದಲೇ ಅಲ್ಲಿ ಒಳಗೆ ಹೋಗುವವರ ಸಂಖ್ಯೆಗೂ ಹೊತ್ತಿಗೂ ಮಿತಿ ಹಾಕಬೇಕಾಯಿತು.